ಜಗುಲಿ ಹೋಯಿತು, ಜೊತೆ ಹೋಗದಿರಲಿ

ಡೇರೆ ಗಡ್ಡೆಯ ಕಣ್ಣು ಗಡ್ಡೆಯ ಮೈಮೇಲೆ ಇರುವುದಿಲ್ಲ, ಕುತ್ತಿಗೆಯಲ್ಲಿರುತ್ತದೆ. ಹಳೆಯ ಕಾಂಡದ ಬುಡಕ್ಕೆ ಅಂಟಿಕೊಂಡ ಆ ಬೆರಳಗಲದ ಭಾಗ ಮುರಿದುಹೋದರೆ ಉಳಿದ ಗಡ್ಡೆ ಎಷ್ಟೇ ದಪ್ಪಗಿರಲಿ, ಮಣ್ಣಿನಲ್ಲಿ ಕೂತು ಕೊಳೆಯುತ್ತದೆಯೇ ಹೊರತು ಚಿಗುರುವುದಿಲ್ಲ. ನನಗೆ ಇದನ್ನು ತೋರಿಸಿಕೊಟ್ಟವರು ಸಿದ್ದಾಪುರದ ಕಡೆಯ ನಮ್ಮ ಅತ್ತಿಗೆ. ಮಣ್ಣು ಮೆತ್ತಿದ ಗೊಂಚಲನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳ ಉಗುರಿನಿಂದ ಕುತ್ತಿಗೆಯನ್ನು ಮೆಲ್ಲಗೆ ಕೆರೆದರು. ಸಾಸಿವೆ ಕಾಳಿನಷ್ಟು ಉಬ್ಬಿದ್ದು ಕಂಡಿತು. ನನ್ನ ಬೆರಳನ್ನು ಎಳೆದು ಅದರ ಮೇಲಿಟ್ಟು, “ಸಿಕ್ಕಿತಾ? ಇದನ್ನು ಸೇರಿಸಿಕೊಂಡೇ ಕೊಯ್ಯಬೇಕು” ಎಂದರು. ಆಮೇಲೆ ನಾನೂ ಎಷ್ಟೋ ಜನರಿಗೆ ಹಾಗೆಯೇ ಬೆರಳು ಹಿಡಿದು ತೋರಿಸಿದ್ದೇನೆ. ಬಾಯಲ್ಲಿ ಹೇಳಿದರೆ ಯಾರಿಗೂ ಸಿಗುವುದಿಲ್ಲ ಅದು.

ಡೇರೆ ನಮ್ಮ ನೆಲದ ಗಿಡವಲ್ಲ. ಮೆಕ್ಸಿಕೊದ ಎತ್ತರದ ಪ್ರದೇಶದ್ದು. ಆ ದೇಶ ಅದನ್ನು 1963ರಲ್ಲಿ ತನ್ನ ರಾಷ್ಟ್ರೀಯ ಹೂವೆಂದು ಸಾರಿತು. ಬುಡದಲ್ಲಿ ನೀರು ನಿಂತರೆ ಸಹಿಸದ ಗಿಡ. ಅಂಥದ್ದನ್ನು ಶಿರಸಿ, ಸಿದ್ದಾಪುರ, ಸಾಗರದ ಹೆಂಗಸರು ಜಡಿಮಳೆಯ ದಿನಗಳಲ್ಲೇ ಬೆಳೆಸಿ, ಚೌತಿಯ ಹೊತ್ತಿಗೆ ಊಟದ ತಟ್ಟೆಯಗಲದ ಹೂ ಬಿಡಿಸುತ್ತಾರೆ. ಅಂಗಳದ ಅಂಚಿಗೆ ಮಣ್ಣು ಏರಿಸಿ ಮಡಿ ಮಾಡುವುದು, ಬುಡಕ್ಕೆ ಒಣ ದರಕು ಹಾಕುವುದು, ನಾಲ್ಕು ಜೊತೆ ಎಲೆ ಬಂದ ಮೇಲೆ ಕುಡಿ ಚಿವುಟುವುದು, ಗಾಳಿಗೆ ಮುರಿಯದಂತೆ ಕೋಲು ಕಟ್ಟುವುದು, ಚಳಿಗಾಲದಲ್ಲಿ ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು ಬೂದಿಯಲ್ಲೋ ಒಣಮಣ್ಣಿನಲ್ಲೋ ಮಲಗಿಸುವುದು. ಇಷ್ಟೂ ವಿದ್ಯೆ ಅಂಗಳದಿಂದ ಅಂಗಳಕ್ಕೆ ನಡೆದು ಬಂದದ್ದು. ಸಾಗರ, ಶಿರಸಿ ಕಡೆ ಡೇರೆ ಹೂವಿನ ಸ್ಪರ್ಧೆಗಳೂ ನಡೆಯುತ್ತವೆ. ಅಲ್ಲಿ ಬಹುಮಾನಕ್ಕಿಂತ ಹೆಚ್ಚಾಗಿ ನಡೆಯುವುದು ಹಿಳ್ಳಿನ ವ್ಯವಹಾರ. ಯಾರ ಹೂವಿಗೆ ಜನ ಮುತ್ತುತ್ತಾರೋ ಅವರು ಮುಂದಿನ ವರ್ಷ ಯಾರಿಗೆ ಎಷ್ಟು ಹಿಳ್ಳು ಕೊಡಬೇಕು ಎಂಬ ಪಟ್ಟಿ ಅಲ್ಲೇ ತಯಾರಾಗುತ್ತದೆ.

ನನ್ನ ಹಿತ್ತಲಲ್ಲಿ ಗಿಡಗಳಿಗೆ ಕೊಟ್ಟವರ ಹೆಸರಿದೆ. ದೊಡ್ಡಮ್ಮನ ಬಸಳೆ, ಅಂಚೆಯವರ ಮನೆಯ ಮಲ್ಲಿಗೆ, ಅತ್ತಿಗೆಯ ಬಿಳಿ ಡೇರೆ. ಒಂದು ಮಳೆಗಾಲ ಆ ಬಿಳಿ ಡೇರೆಯ ಗಡ್ಡೆಗಳು ಅಷ್ಟೂ ಕೊಳೆತುಹೋದವು. ನಾನು ಯಾರಿಗೆ ಹಿಳ್ಳು ಕೊಟ್ಟಿದ್ದೆನೋ ಅವರ ಮನೆಯಲ್ಲಿ ಅದು ಬೆಳೆದು ನಿಂತಿತ್ತು. ಮರುವರ್ಷ ನನಗೆ ವಾಪಸು ಬಂತು. ತೋಟದ ವಿಷಯದಲ್ಲಿ ಕೊಟ್ಟದ್ದೇ ಉಳಿಯುವುದು. ಗಿಡವನ್ನು ತನ್ನಲ್ಲಿ ಮಾತ್ರ ಇಟ್ಟುಕೊಂಡವರ ಗಿಡ ಒಂದಲ್ಲ ಒಂದು ಮಳೆಗೆ ಸಾಯುತ್ತದೆ. ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ನೇತುಹಾಕುವುದನ್ನೂ, ಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತುವುದನ್ನೂ ನೋಡಿ ಬೆಳೆದವರಿಗೆ ಇದು ಗೊತ್ತು. ಆ ಗೋಡೆಯ ಬೀಜ ಬರೀ ಆ ಮನೆಯವರಿಗಷ್ಟೇ ಅಲ್ಲ, ಕೇಳಿಬಂದ ನಾಲ್ಕು ಮನೆಯವರಿಗೂ ಸೇರಿದ್ದು. ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಅವರು ಶುರುಮಾಡಿದ ‘ವನಸ್ತ್ರೀ’ ಸಂಘಟನೆ ಈ ಹಿತ್ತಲ ಬೀಜಗಳನ್ನೂ ಅವನ್ನು ಉಳಿಸಿಕೊಂಡು ಬಂದ ಹೆಂಗಸರನ್ನೂ ಒಂದು ಕಡೆ ಸೇರಿಸಿತು. ಅವರು ನಡೆಸುವ ಮಲೆನಾಡು ಮೇಳಕ್ಕೆ ಹೋದವರು ನೋಡಿರುತ್ತಾರೆ, ಅಲ್ಲಿ ಬೀಜದ ಪೊಟ್ಟಣ ಕೊಳ್ಳುವವರು ಒಂದೊಂದು ಬುಟ್ಟಿಯ ಮುಂದೆಯೂ ಕಾಲುಗಂಟೆ ನಿಲ್ಲುತ್ತಾರೆ. ಮಾತು ಮುಗಿಯುವುದಿಲ್ಲ.

ಹೆಣಿಗೆಯೂ ಇದೇ ಜಾತಿಯ ವಿದ್ಯೆ. ನನಗೆ ಸ್ವೆಟರ್ ಹಾಕಲು ಹೇಳಿಕೊಟ್ಟದ್ದು ಹೈಸ್ಕೂಲಿನ ಹೊಲಿಗೆ ಟೀಚರು. ಆಗ ಉಲ್ಲನ್ನು ಲಡಿಯಾಗಿ ಬರುತ್ತಿತ್ತು. ಲಡಿಯನ್ನು ಉಂಡೆ ಸುತ್ತಲು ಇಬ್ಬರು ಬೇಕು. ಒಬ್ಬಳು ಎರಡೂ ಕೈ ಮುಂದೆ ಚಾಚಿ ಲಡಿ ತೊಟ್ಟು ಕೂರಬೇಕು, ಎದುರಿನವಳು ಸುತ್ತಬೇಕು. ಕೈ ಚಾಚಿದವಳು ಎಳೆ ಬಂದ ಕಡೆಗೆ ಮಣಿಕಟ್ಟು ವಾಲಿಸುತ್ತಾ ಇರಬೇಕು. ಕೆಲಸ ಶುರುವಾಗುವ ಮೊದಲೇ ಜೊತೆ ಬೇಕಾಗುತ್ತಿತ್ತು. ಈಗ ಲೂಧಿಯಾನಾದ ಗಿರಣಿಗಳಿಂದ ಸುತ್ತಿದ ಉಂಡೆಯೇ ಬರುತ್ತದೆ. ಕಡ್ಡಿಯ ಲೆಕ್ಕ ಮಾತ್ರ ಹಳೆಯದೇ. ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಅಂಚಿನ ಪಟ್ಟಿಗೆ 12, ಮೈಗೆ 10. ಹೊಸದಾಗಿ ಕಲಿಯುವವರು 8ನೇ ನಂಬರಿನಲ್ಲಿ ಶುರು ಮಾಡಿದರೆ ಕುಣಿಕೆ ಕಣ್ಣಿಗೆ ಕಾಣುತ್ತದೆ.

ಯೂಟ್ಯೂಬ್ ಇದೆಯಲ್ಲ, ಅದನ್ನು ನೋಡಿ ಕಲಿಯಬಹುದಲ್ಲ ಎನ್ನುತ್ತಾರೆ. ಕಲಿಯಬಹುದು. ನಾನೂ ಹೊಸ ಡಿಸೈನುಗಳನ್ನು ಅಲ್ಲೇ ನೋಡುತ್ತೇನೆ, ಅದರ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ಆದರೆ ಹೆಣಿಗೆಯಲ್ಲಿ ಕೈಯ ಬಿಗಿ ಎಂಬುದೊಂದಿದೆ. ಒಬ್ಬಳ ಕೈ ಬಿಗಿ, ಇನ್ನೊಬ್ಬಳದು ಸಡಿಲ. ಅಷ್ಟೇ ಕುಣಿಕೆ ಹಾಕಿದರೂ ಒಬ್ಬಳ ಸ್ವೆಟರು ಮಗುವಿಗೆ ಆಗುತ್ತದೆ, ಇನ್ನೊಬ್ಬಳದು ಮಗುವಿನ ಅಣ್ಣನಿಗೆ. ಪರದೆಯ ಮೇಲಿರುವವರಿಗೆ ನಿಮ್ಮ ಕೈ ಕಾಣುವುದಿಲ್ಲ. ಪಕ್ಕದಲ್ಲಿ ಕೂತವಳಿಗೆ ಕಾಣುತ್ತದೆ. ಕೂಡಿ ಹೆಣೆಯುವ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎಳೆಯನ್ನು ತೋರುಬೆರಳಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದಳು, ಬೆರಳು ಕೆಂಪಾಗುವಷ್ಟು. ಪಕ್ಕದ ಅಜ್ಜಿ ಮಾತಾಡದೆ ಒಂದು ಸುತ್ತು ಬಿಚ್ಚಿ, ಎಳೆಯನ್ನು ಕಿರುಬೆರಳಿನ ಕೆಳಗೆ ಹಾಯಿಸಿಕೊಟ್ಟರು. ಅಷ್ಟೇ ಪಾಠ. ಆ ದಿನ ಸಂಜೆಯೊಳಗೆ ಹುಡುಗಿಯ ಕಡ್ಡಿಗೆ ಓಟ ಬಂತು.

ನಾವು ಕೆಲವರು ಮಧ್ಯಾಹ್ನದ ಹೊತ್ತು ಕೂತು ಹೆಚ್ಚಾಗಿ ಹಾಕುವುದು ಕುಲಾವಿ. ಹುಟ್ಟಿದ ಕೂಸಿನ ಮೈಯ ಹೊರಮೈಯಲ್ಲಿ ಸುಮಾರು ಐದನೇ ಒಂದು ಪಾಲು ತಲೆಯದೇ. ದೊಡ್ಡವರಲ್ಲಿ ಅದು ಹತ್ತನೇ ಒಂದು ಪಾಲೂ ಇರುವುದಿಲ್ಲ. ಹಾಗಾಗಿ ಕೂಸಿನ ಮೈ ಬಿಸಿ ತಲೆಯಿಂದ ಬೇಗ ಸೋರಿಹೋಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಿಗೆ ಇದು ಆಟದ ಮಾತಲ್ಲ. ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಮಲಗಿಸುವ ಕಾಂಗರೂ ಆರೈಕೆಯಲ್ಲೂ ಕೂಸಿಗೆ ಟೊಪ್ಪಿ ಇರಲೇಬೇಕು. ನಾವು ಕುಲಾವಿಗೆ ದಾರ ಹಾಕುವುದಿಲ್ಲ, ಗೊಂಡೆ ಕಟ್ಟುವುದಿಲ್ಲ. ಕುತ್ತಿಗೆಗೆ ಸುತ್ತಿಕೊಳ್ಳುವ, ಬಾಯಿಗೆ ಹೋಗುವ ಯಾವುದೂ ಬೇಡ. ಅಂಚಿನ ಪಟ್ಟಿಯನ್ನು ಒಂದು ಸೀದಾ ಒಂದು ಉಲ್ಟಾ ಹಾಕಿದರೆ ಅದೇ ಹಿಗ್ಗಿ ಕುಗ್ಗಿ ತಲೆಗೆ ಕೂರುತ್ತದೆ. ಮಳೆಯಲ್ಲಿ ಗದ್ದೆಗೆ ಹೋಗುವವರ ಬೆನ್ನಿಗೆ ಚಳ್ಳಕೆರೆಯ ಕಂಬಳಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಆ ಒರಟು ಉಣ್ಣೆ ಕೂಸಿನ ನೆತ್ತಿಗೆ ಆಗದು. ಮೆತ್ತನೆಯ, ತೊಳೆದರೆ ಬೇಗ ಒಣಗುವ ನೂಲೇ ಬೇಕು. ಒಗೆದು ಒಣಗಿಸಿದ ಕುಲಾವಿಗಳ ಚೀಲ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗುತ್ತದೆ. ಯಾರ ಕೂಸು ಹಾಕಿಕೊಂಡಿತೋ ನಮಗೆ ತಿಳಿಯುವುದಿಲ್ಲ. ನಮಗೆ ಬೇಕಾಗಿಯೂ ಇಲ್ಲ.

ಮಧ್ಯಾಹ್ನದ ಆ ಹೊತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೈಯಲ್ಲಿ ಕೆಲಸವಿದ್ದಾಗ ಕಣ್ಣು ಕೆಳಗಿರುತ್ತದೆ. ಎದುರಿನವರ ಮುಖ ನೋಡಬೇಕಾದ ಒತ್ತಡ ಇರುವುದಿಲ್ಲ. ಮಾತು ನಿಂತರೂ ಯಾರಿಗೂ ಮುಜುಗರವಿಲ್ಲ, ಕಡ್ಡಿ ಓಡುತ್ತಿರುತ್ತದೆ. ಗಂಡನನ್ನು ಕಳೆದುಕೊಂಡು ಮನೆಯಿಂದ ಹೊರಗೇ ಬಾರದಿದ್ದ ಗೆಳತಿಯೊಬ್ಬಳನ್ನು ನಾವು ಹಟ ಮಾಡಿ ಕರೆತಂದೆವು. ಎಷ್ಟೋ ವಾರ ಅವಳು ಸುಮ್ಮನೆ ಹೆಣೆದಳು. ಒಂದು ದಿನ ಸಾಲಿನ ನಡುವೆ, ತಲೆ ಎತ್ತದೆ, ಆಸ್ಪತ್ರೆಯ ಕೊನೆಯ ರಾತ್ರಿಯ ಕಥೆಯನ್ನು ಪೂರ್ತಿ ಹೇಳಿದಳು. ಯಾರೂ ಅಯ್ಯೋ ಎನ್ನಲಿಲ್ಲ, ಯಾರೂ ಸಮಾಧಾನದ ಮಾತು ಜೋಡಿಸಲಿಲ್ಲ. ಒಬ್ಬರು ಎದ್ದು ಕಷಾಯ ಕಾಸಿ ತಂದರು. ಬಂಧುಗಳು ಸಾಲುಗಟ್ಟಿ ಬಂದು ಕೂತು ಎದುರೆದುರು ಕೇಳಿದಾಗ ಅವಳಿಗೆ ಹೇಳಲಾಗದಿದ್ದದ್ದು ಅದು.

ಇದಕ್ಕೆ ಅಧ್ಯಯನದ ಬೆಂಬಲವೂ ಉಂಟು. ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ ನಿಯತಕಾಲಿಕೆಯಲ್ಲಿ 2013ರಲ್ಲಿ ಜಿಲ್ ರೈಲಿ, ಬೆಟ್ಸನ್ ಕಾರ್ಕ್‌ಹಿಲ್ ಮತ್ತು ಕ್ಲೇರ್ ಮಾರಿಸ್ ಒಂದು ಸಮೀಕ್ಷೆ ಪ್ರಕಟಿಸಿದರು. ಬೇರೆ ಬೇರೆ ದೇಶಗಳ 3,545 ಜನ ಹೆಣೆಯುವವರು ಅದಕ್ಕೆ ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ನೆಮ್ಮದಿಯನ್ನೂ ಖುಷಿಯನ್ನೂ ಹೇಳಿಕೊಂಡರು. ಗುಂಪಿನಲ್ಲಿ ಕೂತು ಹೆಣೆಯುವವರಲ್ಲಿ ಈ ಖುಷಿಯೂ ಜನರ ಒಡನಾಟವೂ ಇನ್ನಷ್ಟು ಹೆಚ್ಚಿತ್ತು. ಜನ ತಾವೇ ಹೇಳಿಕೊಂಡ ಉತ್ತರಗಳಾದ್ದರಿಂದ ಹೆಣಿಗೆಯನ್ನು ಮದ್ದೆಂದು ಕರೆಯಲು ಅದು ಸಾಲದು. ನನಗೆ ಅಷ್ಟು ಬೇಕಾಗಿಯೂ ಇಲ್ಲ. ಕೂಡಿ ಕೂರುವುದು ಖುಷಿ ಕೊಡುತ್ತದೆ ಎನ್ನುವುದೇ ಅದಕ್ಕೆ ಸಾಕಾದ ಕಾರಣ.

ಇಷ್ಟು ಬರೆದಾಗ ಏಳುವ ಪ್ರಶ್ನೆಯನ್ನು ನಾನೇ ಎತ್ತುತ್ತೇನೆ. ಕೂಲಿಗೆ ಹೋಗುವ ಹೆಂಗಸಿಗೆ ಮಧ್ಯಾಹ್ನದ ಬಿಡುವು ಎಲ್ಲಿದೆ? ಇದು ಉಂಡುಟ್ಟು ಸುಖವಾಗಿರುವವರ ಶೋಕಿಯಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಆದರೆ ನಮ್ಮ ಸೀಮೆಯಲ್ಲಿ ಕೂಡಿ ಕೂತು ಕೈಕೆಲಸ ಮಾಡುವುದು ಬಿಡುವಿದ್ದವರಿಂದ ಹುಟ್ಟಿದ್ದಲ್ಲ, ದುಡಿಯುವವರಿಂದಲೇ ಹುಟ್ಟಿದ್ದು. ಅಡಿಕೆ ಕೊಯ್ಲಿನ ಕಾಲದಲ್ಲಿ ಜಗುಲಿಯ ಉದ್ದಕ್ಕೂ ಮೆಟ್ಟುಗತ್ತಿ ಹಾಕಿಕೊಂಡು ನಡುರಾತ್ರಿಯವರೆಗೆ ಹಸಿ ಅಡಿಕೆ ಸುಲಿಯುತ್ತಿದ್ದರು. ಕೆಲಸಕ್ಕೆ ಬಂದವರು, ಮನೆಯವರು, ನೆರೆಯವರು ಒಂದೇ ಸಾಲಿನಲ್ಲಿ. ಕಥೆ, ಹಾಡು, ಯಕ್ಷಗಾನದ ಪ್ರಸಂಗ, ಊರ ಸುದ್ದಿ ಎಲ್ಲ ಅಲ್ಲಿ. ಸುಲಿಯುವ ಯಂತ್ರ ಬಂತು. ಬೆನ್ನಿಗೂ ಬೆರಳಿಗೂ ಒಳ್ಳೆಯದಾಯಿತು, ಯಂತ್ರ ಬೇಡವೆನ್ನುವವಳು ನಾನಲ್ಲ. ಆದರೆ ಆ ಸಾಲು ಎದ್ದುಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆ ತುಂಡುಗಳ ಕೌದಿಗೆ ಸುತ್ತ ಕೂತು ದಾರ ಹಾಕುವ ಹೆಂಗಸರೂ ದುಡಿಯುವವರೇ.

ಇದು ಹೆಂಗಸರದಷ್ಟೇ ಅಲ್ಲ ಎಂಬುದನ್ನು ನೋಡಬೇಕಿದ್ದರೆ ಘಟ್ಟ ಇಳಿದು ಹೊನ್ನಾವರದ ಕಡಲತೀರಕ್ಕೆ ಹೋಗಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಗಂಡಸರು ಸೂರಿನಡಿಯಲ್ಲಿ ಬಲೆ ಹರಡಿಕೊಂಡು, ಕಾಲ ಹೆಬ್ಬೆರಳಿಗೆ ಎಳೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಹೆಣೆಯುತ್ತಾರೆ. ಗಂಟು ಹಾಕುವ ಆ ವೇಗವನ್ನು ನಾನು ನಿಂತು ನೋಡಿದ್ದೇನೆ; ನಮ್ಮ ಗುಂಪಿನ ಯಾವ ಕೈಯೂ ಅದಕ್ಕೆ ಸಮನಲ್ಲ. ಅಲ್ಲೂ ಕೆಲಸ ಕೆಳಗೆ, ಮಾತು ಮೇಲೆ. ಹಾಗಾಗಿ ನಿವೃತ್ತಿಯಾಗಿ ಪೇಪರು ಮಡಚಿಟ್ಟು ಮಧ್ಯಾಹ್ನವನ್ನು ತಳ್ಳುತ್ತಿರುವ ಗಂಡಸರಿಗೆ ನಮ್ಮ ನಡುವೆ ಜಾಗವಿದೆ. ಇಬ್ಬರು ಈಗಾಗಲೇ ಬರುತ್ತಿದ್ದಾರೆ. ಒಬ್ಬರು ಕಸಿ ಕಟ್ಟುವುದರಲ್ಲಿ ನಿಪುಣರು, ಇನ್ನೊಬ್ಬರು ಮಫ್ಲರ್ ಹೆಣೆಯುತ್ತಾರೆ.

ಜಾಗದ ಮಾತು ಬಂತು. ನಾನು ಈ ಲೇಖನ ಬರೆಯಲು ಹೊರಟದ್ದೇ ಅದಕ್ಕಾಗಿ.

ಮಲೆನಾಡಿನ ಹಳ್ಳಿಗಳ ದೊಡ್ಡ ದೊಡ್ಡ ಮನೆಗಳಲ್ಲಿ ಈಗ ಇಬ್ಬರು ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲೋ ಅದಕ್ಕೂ ದೂರದಲ್ಲೋ. ಜಗುಲಿ ಇದೆ, ಕೂರುವವರಿಲ್ಲ. ಪೇಟೆಯ ಹೊಸ ಮನೆಗಳಲ್ಲಿ ಜಗುಲಿಯೇ ಇಲ್ಲ. ಗೇಟು, ಆಮೇಲೆ ಕಾರು, ಆಮೇಲೆ ಬಾಗಿಲು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ ಮೇಲೆ ಡೇರೆ ಎಲ್ಲಿ ನೆಡುವುದು? ಇತ್ತ ಹೀಗಿದ್ದರೆ ಅತ್ತ ಬೆಂಗಳೂರಿನಲ್ಲಿ ಉಲ್ಟಾ ನಡೆಯುತ್ತಿದೆ. ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ಅವರು ತಾರಸಿ ತೋಟದ ಹುಚ್ಚನ್ನು ಆ ನಗರಕ್ಕೆ ಹಚ್ಚಿದರು. ‘ಊಟ ಫ್ರಂ ಯುವರ್ ತೋಟ’ ಎಂಬ ಮೇಳ 2011ರಲ್ಲಿ ಶುರುವಾಯಿತು. ಬಕೆಟ್ಟಿನಲ್ಲಿ ಬದನೆ, ಡ್ರಮ್ಮಿನಲ್ಲಿ ನುಗ್ಗೆ ಬೆಳೆಯುವವರು ಅಲ್ಲಿ ಸೇರಿ ಬೀಜ ಬದಲಾಯಿಸಿಕೊಳ್ಳುತ್ತಾರೆ. ಮಣ್ಣೇ ಇಲ್ಲದ ಊರಿನ ಜನ ಕೂಡುವ ಜಾಗವನ್ನು ಕಷ್ಟಪಟ್ಟು ಕಟ್ಟಿಕೊಂಡಿದ್ದಾರೆ. ಎಕರೆಗಟ್ಟಲೆ ಹಿತ್ತಲಿರುವ ನಾವು ಇದ್ದದ್ದನ್ನು ಕಳೆದುಕೊಳ್ಳುತ್ತಿದ್ದೇವೆ. ನನಗೆ ಇದು ನೋವಿನ ಸಂಗತಿ.

ದಾರಿ ಕಠಿಣವೇನಲ್ಲ. 2023ರ ಜೂನ್ 11ರಿಂದ ರಾಜ್ಯದಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಹಳ್ಳಿಯಿಂದ ಪೇಟೆಗೆ ಬರಲು ಮನೆಯಲ್ಲಿ ದುಡ್ಡು ಕೇಳಬೇಕಾಗಿದ್ದ ಎಷ್ಟೋ ಜನ ಈಗ ಬ್ಯಾಗಿನಲ್ಲಿ ಕಡ್ಡಿ, ಉಲ್ಲನ್ನು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೇವಂತಿಗೆ ಸಸಿ ಇಟ್ಟುಕೊಂಡು ಬಸ್ಸು ಹತ್ತುತ್ತಾರೆ. ನಮ್ಮ ಗುಂಪು ದೊಡ್ಡದಾದದ್ದು ಹಾಗೆ. ಬಂದ ಮೇಲೆ ಕೂರಲು ಜಾಗವಿಲ್ಲ. ಒಬ್ಬರ ಮನೆಯಲ್ಲಿ ಸೇರಿದರೆ ಆ ಮನೆಯವಳಿಗೆ ಚಹಾ, ತಿಂಡಿಯ ಹೊರೆ. ಎಲ್ಲ ಜಾತಿ, ಎಲ್ಲ ಕೇರಿಯವರು ಒಬ್ಬರ ಮನೆಯ ಒಳಗೆ ಸಲೀಸಾಗಿ ಬಂದು ಕೂರುವ ಕಾಲ ಇನ್ನೂ ಬಂದಿಲ್ಲ ಎಂಬುದೂ ನಿಜ. ದೇವಸ್ಥಾನದ ಸಭಾಭವನಕ್ಕೆ ಬಾಡಿಗೆ. ಪಾರ್ಕಿನ ಗೇಟಿಗೆ ಮಧ್ಯಾಹ್ನ ಬೀಗ. ಯಾರೂ ಯಾರ ಅತಿಥಿಯೂ ಆಗಬೇಕಿಲ್ಲದ ಸಾರ್ವಜನಿಕ ಜಾಗವೇ ಬೇಕು.

ಅದು ಈಗಾಗಲೇ ಇದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಇವೆ. ಕಟ್ಟಡವಿದೆ, ಬೆಂಚಿದೆ, ಫ್ಯಾನಿದೆ, ಕುಡಿಯುವ ನೀರಿದೆ. ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಬಹುಪಾಲು ಖಾಲಿ. ವಾರಕ್ಕೆ ಎರಡು ಮಧ್ಯಾಹ್ನ ಅಲ್ಲಿ ಹೆಣೆಯುವವರಿಗೂ ಹೊಲಿಯುವವರಿಗೂ ಜಾಗ ಕೊಟ್ಟರೆ ಪುಸ್ತಕಗಳಿಗೆ ನಷ್ಟವಿಲ್ಲ. ಕಡ್ಡಿ ಹಿಡಿದು ಬಂದವರು ಹೋಗುವಾಗ ಪುಸ್ತಕ ಹಿಡಿದು ಹೋಗುತ್ತಾರೆ, ನಾನು ಮೇಷ್ಟ್ರ ಕೆಲಸ ಮಾಡಿದವಳು, ಇದನ್ನು ನಂಬಿ ಹೇಳುತ್ತೇನೆ. ಕಟ್ಟಡದ ಹಿಂದಿನ ಬರಿನೆಲದಲ್ಲಿ ಎರಡು ಮಡಿ ಮಾಡಿ, ಊರಿನ ಪ್ರತಿ ಮನೆಯಿಂದ ಒಂದೊಂದು ಗಿಡ ತಂದು ನೆಟ್ಟು, ಯಾರು ಬೇಕಾದರೂ ಟೊಂಗೆ ಮುರಿದುಕೊಂಡು ಹೋಗಲಿ ಎಂದು ಬಿಡಬೇಕು. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಮಜ್ಜಿಗೆಹುಲ್ಲು, ಬಸಳೆ ಇಷ್ಟಿದ್ದರೂ ಸಾಕು, ಶುರುವಾಗುತ್ತದೆ. ಇದಕ್ಕೆ ಬಜೆಟ್ಟು ಬೇಡ, ಉದ್ಘಾಟನೆ ಬೇಡ, ಬ್ಯಾನರೂ ಬೇಡ. ಬೀಗದ ಕೈ ಬೇಕು.

ಪಂಚಾಯಿತಿಯಲ್ಲಿ ಮಹಿಳಾ ಗ್ರಾಮಸಭೆ ಕರೆಯುತ್ತಾರೆ. ಅಲ್ಲಿ ನೀರು, ರಸ್ತೆ, ದಾರಿದೀಪ ಕೇಳುತ್ತೇವೆ, ಕೇಳಬೇಕಾದ್ದೇ. ಈ ಸಲ ಇದನ್ನೂ ಕೇಳಿ. ‘ಅರಿವು ಕೇಂದ್ರವನ್ನು ವಾರದಲ್ಲಿ ಎರಡು ದಿನ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಕೂಡಿ ಕೆಲಸ ಮಾಡುವವರಿಗೆ ತೆರೆದಿಡಬೇಕು’ ಎಂದು ಒಂದೇ ವಾಕ್ಯದ ಅರ್ಜಿ ಬರೆದು, ಹತ್ತು ಜನ ಸಹಿ ಹಾಕಿ, ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದುಬರಬೇಡಿ.